ಮುಯ್ಯಾಳಿಗೆ ಗೌರವಧನ

ನಮ್ಮ ಪತ್ರಿಕೆ ಮೊಬೈಲಿನಲ್ಲಿ ಓದಲು ಸಿಗುವುದು ಒಂದು ಸಣ್ಣ ಪ್ರೋಗ್ರಾಮಿನ ದಯೆಯಿಂದ. ಅರಸೀಕೆರೆಯ ಕಚೇರಿಯಲ್ಲಿ ನಾವು ಇವತ್ತಿಗೂ ಹಳೆಯ ಫಾಂಟಿನಲ್ಲೇ ಪುಟ ಕಟ್ಟುತ್ತೇವೆ. ಆ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸುವುದು ಪ್ರೋಗ್ರಾಮಿನ ಕೆಲಸ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗೆ ಇಣುಕಿ ತಿದ್ದಲೂಬಹುದು. ಬಳಸುವವರು ಊರೂರಲ್ಲಿದ್ದರು. ತಿದ್ದುವವರು ಮೂವರೇ: ಬೇಲೂರಿನ ಒಬ್ಬ ಕಾಲೇಜು ಉಪನ್ಯಾಸಕರು, ಅರಸೀಕೆರೆಯ ಒಬ್ಬ ಔಷಧಿ ಅಂಗಡಿಯವರು, ಹಳೇಬೀಡಿನಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟಿದ್ದ ಒಬ್ಬ ಹೆಂಗಸು. ಅವರಿಗೆ ಯಾರೂ ಏನೂ ಕೊಡುತ್ತಿರಲಿಲ್ಲ. ನಮ್ಮ ಕಚೇರಿಯಲ್ಲಿ ಅದಕ್ಕೆ ‘ಬಿಟ್ಟಿ ಪ್ರೋಗ್ರಾಂ’ ಎಂದೇ ಹೆಸರು.

ಹೊಸ ಆವೃತ್ತಿ ವರ್ಷಕ್ಕೊಂದು ಬರುತ್ತಿತ್ತು, ಅದೂ ಶ್ರಾವಣದಲ್ಲೇ. ಇದರ ಹಿಂದೆ ದೊಡ್ಡ ಯೋಜನೆಯೊಂದು ಇರಬೇಕೆಂದು ಬಹಳ ದಿನ ನಂಬಿದ್ದೆ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಕಠಿಣ ಭಾಗವೆಲ್ಲ ಹಳೇಬೀಡಿನ ಹೆಂಗಸು ಬರೆಯುತ್ತಿದ್ದರು, ಅವರ ಅನ್ನ ಲಗ್ನಪತ್ರಿಕೆ ಮುದ್ರಿಸುವುದರಲ್ಲಿತ್ತು, ಮತ್ತು ಆಷಾಢದಲ್ಲಿ ಮದುವೆಗಳಿಲ್ಲ.

ಆ ವರ್ಷ ತೊಂದರೆ ಬಂದದ್ದು ವೈಶಾಖದಲ್ಲಿ. ಕಚೇರಿಯ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದನ್ನು ತಂದೆವು. ಹೊಸದರಲ್ಲಿ ಪ್ರೋಗ್ರಾಂ ಓಡಿತು, ಆದರೆ ಅರ್ಕಾವತ್ತಿನ ಲೆಕ್ಕ ಮರೆಯಿತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತೇವೆ; ಯೂನಿಕೋಡ್‌ನಲ್ಲಿ ಅದು ಅಕ್ಷರದ ಮೊದಲು ಬರಬೇಕು. ಹಿಡಿದು ಮುಂದೆ ತರುವವರಿಲ್ಲದೆ ಅದು ನಿಂತಲ್ಲೇ ನಿಂತಿತು. ಕಾರ್ಯಕ್ರಮಗಳೆಲ್ಲ ‘ಕಾಯರ್ಕ್ರಮ’ಗಳಾದವು, ಮಾರ್ಗ ‘ಮಾಗರ್’ ಆಯಿತು. ಎರಡನೆಯ ದಿನ ಒಬ್ಬರು ಫೋನ್ ಮಾಡಿದರು. ಹಿಂದಿನ ದಿನ ಅವರ ತಂದೆಯ ನಿಧನ ವಾರ್ತೆ ಹಾಕಿದ್ದೆವು.

“ನಮ್ಮಪ್ಪನ್ನ ಸ್ವಗರ್ಸ್ಥ ಮಾಡಿದ್ದೀರಲ್ರೀ,” ಎಂದರು. “ಮೇಲೆ ಬಾಗಿಲಲ್ಲಿ ನಿಮ್ಮ ಪೇಪರ್ ತೋರ್ಸಿದ್ರೆ ಒಳಕ್ಕೆ ಬಿಡ್ತಾರಾ?”

ನಮ್ಮ ಮಾಲೀಕರಿಗೆ ಇದು ನಾಟಿತು. “ಶ್ರಾವಣದವರೆಗೂ ಕಾಯಕ್ಕಾಗಲ್ಲ. ಆಯಮ್ಮಂಗೆ ದುಡ್ಡು ಕೊಟ್ಟೇ ಮಾಡ್ಸೋಣ. ಎರಡು ತಿಂಗ್ಳು. ಒಂದು ಪತ್ರ ಬರೀರಿ. ಸಂಬಳ ಅನ್ಬೇಡಿ, ಆಮೇಲೆ ಪಿಎಫ್ ಕೇಳ್ತಾರೆ. ಗೌರವಧನ ಅನ್ನಿ.”

ಪತ್ರ ಹಿಡಿದು ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಹಳೇಬೀಡಿಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿ. ಹಿಂದೆ ಚಾಪೆಯ ಮೇಲೆ ಅವರ ಅತ್ತೆ ಕೂತು ಲಗ್ನಪತ್ರಿಕೆ ಮಡಿಸಿ ಕವರಿಗೆ ತುಂಬುತ್ತಿದ್ದರು. ಅಂಗಡಿಯಾಕೆ ಪತ್ರವನ್ನು ಎರಡು ಸಲ ಓದಿದರು.

“‘ಕಾರ್ಯ’ ಸರಿಯಾಗಿ ಬಂದೈತೆ. ಕೈಲಿ ಬರೆದಿದ್ದೀರಿ ಅದಕ್ಕೆ,” ಎಂದರು. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದರು. “ವೈಶಾಖದಲ್ಲಿ ಲಗ್ನಪತ್ರಿಕೆ ಬಿಟ್ಟು ಇದಕ್ಕೆ ಕೂತ್ರೆ ಬಂದ ಗಿರಾಕಿ ಎಲ್ಲಾ ಬೇಲೂರಿಗೆ ಹೋಯ್ತಾರೆ. ಆಗ್ಲಿ, ಮಾಡ್ತೀನಿ. ನಂಗೂ ಆ ‘ಸ್ವಗರ್ಸ್ಥ’ ನೋಡಕ್ಕಾಗ್ತಿಲ್ಲ.”

ಮಾರನೆಯ ದಿನದಿಂದ ಗಿರಾಕಿಗಳು ಬೇಲೂರಿಗೆ ಹೋದರು. ಆಕೆ ಎರಡು ವಾರದಲ್ಲಿ ತಮ್ಮ ಪಾಲಿನದನ್ನು ಬರೆದು ಮುಗಿಸಿದರು. ಆದರೆ ಬರೆದದ್ದನ್ನು ನಮ್ಮ ಹಳೆಯ ಸಂಚಿಕೆಗಳ ಮೇಲೆ ಓಡಿಸಿ ತಪ್ಪು ಹುಡುಕುತ್ತಿದ್ದವರು ಔಷಧಿ ಅಂಗಡಿಯವರು. ನೋಡಿ ಒಪ್ಪಿ ಒಳಗೆ ಸೇರಿಸುತ್ತಿದ್ದವರು ಉಪನ್ಯಾಸಕರು. ಅವರಿಬ್ಬರೂ ಜಗಳವಾಡಲಿಲ್ಲ. ವಿನಯವಂತರಾದರು. ಅದುವರೆಗೆ ಔಷಧಿ ಅಂಗಡಿಯವರ ಸಂದೇಶ, “ಅಕ್ಕಾ, ನಿನ್ನ ಒತ್ತಕ್ಷರ ಮತ್ತೆ ತಲೆಕೆಳಗು,” ಎಂದಿರುತ್ತಿತ್ತು. “ನಿನ್ನ ಅಂಗಡಿ ಚೀಟಿಗಿಂತ ವಾಸಿ ಕಣೋ,” ಎಂದು ಆಕೆ ಉತ್ತರಿಸುತ್ತಿದ್ದರು. ಈಗ ಬಂದದ್ದು: “ಮೇಡಂ, ಬಳಸುವವರ ದೂರುಗಳನ್ನು ತಮಗೆ ಕಳುಹಿಸಿದೆ. ದಯವಿಟ್ಟು ಪರಿಶೀಲಿಸಿ.” ತಪ್ಪು ಹುಡುಕಿ ಕೊಡುವುದು ನಿಂತು, ದೂರುಗಳೆಲ್ಲ ಹಾಗೆ ಒಬ್ಬರ ತಲೆಗೇ ಬಂದವು.

ಉಪನ್ಯಾಸಕರಿಗೆ ನಾನೇ ಫೋನ್ ಮಾಡಿದೆ.

“ಗೌರವಧನ ಅಂತೆ. ಹಂಗಾದ್ರೆ ಇಷ್ಟು ವರ್ಷ ನಾವು ಮಾಡಿದ್ದು ಅಗೌರವಕ್ಕಾ ಅಂತ ನಾನು ಕೇಳ್ತಿಲ್ಲ. ಸುಮ್ನೆ ಹೇಳ್ದೆ.”

“ಬೇಜಾರಾ ಸಾರ್?”

“ಬೇಜಾರ್ ಯಾಕ್ರೀ? ನಂಗೆ ವ್ಯಾಲ್ಯುಯೇಷನ್ ಇದೆ. ಪ್ರತಿ ವರ್ಷಾನೂ ಇತ್ತು. ಈ ವರ್ಷ ನೆನಪಾಯ್ತು.”

ತಿಂಗಳು ಮುಗಿದ ದಿನ ಲಕೋಟೆ ಹಿಡಿದು ಮತ್ತೆ ಹಳೇಬೀಡಿಗೆ ಹೋದೆ. ಪ್ರೋಗ್ರಾಂ ಇದ್ದಲ್ಲೇ ಇತ್ತು.

“ಕೆಲ್ಸ ಆಗಿಲ್ಲ,” ಎಂದರು ಆಕೆ.

“ನಿಮ್ಮ ಭಾಗ ಆಗಿದೆಯಲ್ಲ.”

“ನನ್ ಭಾಗ ಅಂತ ಒಂದು ಇರ್ಲೇ ಇಲ್ಲ. ಈಗ ಆಗೈತೆ.” ಲಕೋಟೆಯನ್ನು ತೆಗೆದುಕೊಂಡರು, ಅಂಗಡಿಯ ಬಾಡಿಗೆ ಕಟ್ಟಬೇಕಿತ್ತು. “ಇದು ಇರ್ಲಿ, ದುಡಿದಿದ್ದೀನಿ. ಮುಂದಿನ ತಿಂಗಳದ್ದು ಬೇಡ. ದುಡ್ಡು ಬೇಡ ಅಂತ ಅಲ್ಲ, ಅದನ್ನ ಸರಿಯಾಗಿ ಬರ್ಕೊಳಿ. ನಂಗೊಬ್ಳಿಗೇ ಬೇಡ. ಅಕ್ಕ ಆಗಿದ್ದೋಳು ಮೇಡಂ ಆದೆ. ನಾಳೆ ನಿಮ್ಮ ಗೌರವಧನ ನಿಂತ ಮೇಲೆ ಆ ಕಡೆ ಅಕ್ಕನೂ ಅಲ್ಲ, ಈ ಕಡೆ ಲಗ್ನಪತ್ರಿಕೆನೂ ಇಲ್ಲ.”

“ಮುಯ್ಯಾಳಿಗೆ ಕೂಲಿ ಕೊಟ್ರೆ ಇನ್ನೇನಾಯ್ತದೆ,” ಎಂದರು ಹಿಂದಿನಿಂದ ಅತ್ತೆ.

ನಮ್ಮ ಕಡೆ ರಾಗಿ ಕೊಯ್ಲಿಗೆ ಇವತ್ತು ನಾನು ನಿಮ್ಮ ಹೊಲಕ್ಕೆ ಬಂದರೆ ನಾಳೆ ನೀವು ನನ್ನ ಹೊಲಕ್ಕೆ ಬರುತ್ತೀರಿ. ಅದು ಮುಯ್ಯಿ. ಅದರಲ್ಲಿ ಕೂಲಿಯ ಮಾತಿಲ್ಲ.

“ನಾಕು ಜನ ಮುಯ್ಯಿಗೆ ಬಂದು ಕೊಯ್ತಿರೋವಾಗ ಒಬ್ಳ ಕೈಗೆ ದುಡ್ಡಿಟ್ರೆ ಮಿಕ್ಕಿದ್ ಮೂರು ಜನ ಕುಡ್ಲು ಕೆಳಗಿಡ್ತಾರೆ,” ಎಂದರು ಆ ಅಜ್ಜಿ. “ತಪ್ಪು ಅವ್ರದ್ದಲ್ಲ. ದುಡ್ಡಿಂದೂ ಅಲ್ಲ. ಒಬ್ಳಿಗೆ ಇಟ್ರಲ್ಲ, ಅದು.”

“ಹಂಗಾರೆ ಏನ್ ಮಾಡ್ಬೇಕಜ್ಜಿ?”

“ಇವ್ಳ ಹೊಲ ಪಾಳು ಬಿದ್ದೈತಲ್ಲ ಮಗಾ, ಅದಕ್ಕೆ ಆಳು ಕಳ್ಸಿ.” ಅವರು ಖಾಲಿ ಲಗ್ನಪತ್ರಿಕೆಗಳ ಕಟ್ಟುಗಳನ್ನು ತೋರಿಸಿದರು.

ಈ ಮಾತನ್ನು ಮಾಲೀಕರಿಗೆ ಒಪ್ಪಿಸಿದೆ. ಅವರ ಮುಖ ಅರಳಿತು. “ದುಡ್ಡು ಬೇಡ್ವಂತಾ? ಇದನ್ನ ಮೊದ್ಲೇ ಹೇಳಿದ್ರೆ ಆಗ್ತಿತ್ತು.” ಪುಟ ಕಟ್ಟುವವನನ್ನು ಬಿಟ್ಟುಕೊಡುವಂತಿರಲಿಲ್ಲ. “ನೀವೇ ಹೋಗಿ. ನಿಮ್ಮ ಸುದ್ದಿ ಹೆಂಗೂ ಫೋನಲ್ಲೇ ಬರುತ್ತೆ.”

ಹೀಗೆ ಜ್ಯೇಷ್ಠ ಮಾಸವಿಡೀ ಮಧ್ಯಾಹ್ನಗಳಲ್ಲಿ ನಾನು ಹಳೇಬೀಡಿನಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದಿದೆ, ಬೆರಳಚ್ಚು ಮಾಡಿದೆ, ಮಡಿಸಿದೆ. ಬೇಲೂರಿಗೆ ಹೋದ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಹಿಂದಿರುಗಿದರು. ಇದು ನನ್ನ ಕಸುಬಿಗಿಂತ ಕಠಿಣ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಒಳಪುಟದಲ್ಲಿ ವಿಷಾದಿಸಬಹುದು. ವರನ ಸೋದರಮಾವನ ಹೆಸರು ಬಿಟ್ಟುಹೋದರೆ ವಿಷಾದಿಸಲು ಪುಟವಿಲ್ಲ.

ಮೂರನೆಯ ದಿನ ಅರಸೀಕೆರೆಯ ಔಷಧಿ ಅಂಗಡಿಯಿಂದ ಸಂದೇಶ ಬಂತು. ಆಕೆ ಅದನ್ನು ಗಟ್ಟಿಯಾಗಿ ಓದಿದರು: “ಅಕ್ಕಾ, ಪೇಪರ್‌ನೋರನ್ನ ಕೂಲಿಗೆ ಇಟ್ಕೊಂಡಿದ್ದೀಯಂತೆ?”

“ಕೂಲಿ ಅಲ್ಲ ಕಣೋ, ಮುಯ್ಯಿ,” ಎಂದು ಬರೆದು ಕಳಿಸಿದರು. ಆಮೇಲೆ ತಪ್ಪುಗಳ ಉದ್ದನೆಯ ಪಟ್ಟಿ ಬಂತು, ಕೊನೆಯಲ್ಲಿ: “ನಿನ್ನ ‘ಆಶೀವಾರ್ದ’ ಇನ್ನೂ ಹಂಗೇ ಐತೆ, ನೋಡ್ಕೋ.” ಆಕೆ ಆ ಪಟ್ಟಿಯನ್ನು ಓದಿದ ರೀತಿಯಲ್ಲಿ ಮೊದಲಿನ ಲಕೋಟೆಯನ್ನು ನೋಡಿರಲಿಲ್ಲ ಎಂದು ನಾನು ದಾಖಲಿಸಬೇಕು. ಅದೇ ವಾರ ಬೇಲೂರಿನ ವ್ಯಾಲ್ಯುಯೇಷನ್ನೂ ಇದ್ದಕ್ಕಿದ್ದಂತೆ ಮುಗಿಯಿತು.

ಹೊಸ ಆವೃತ್ತಿ ಜ್ಯೇಷ್ಠದ ಕೊನೆಯ ವಾರ ಬಂತು. ಮೊದಲು ಓಡಿಸಿದ್ದು ಆ ನಿಧನ ವಾರ್ತೆಯ ಮೇಲೆ. ಹಿರಿಯರು ಸ್ವರ್ಗಸ್ಥರಾದರು.

ಈ ವಿಷಯ ವರದಿ ಮಾಡಲೇ ಎಂದು ಆಕೆಯನ್ನು ಕೇಳಿದೆ.

“ಬೇಡ. ಮುಯ್ಯಿ ಅಂತ ಬರೆದ್ರೆ ನಾಳೆಯಿಂದ ಎಲ್ಲಾ ಪೇಪರ್‌ನೋರೂ ಆಳು ಕಳಿಸ್ತೀವಿ ಅಂತಾರೆ. ಮೂರೂ ಜನಕ್ಕೆ ಸರಿಯಾಗಿ ದುಡ್ಡು ಕೊಡ್ತೀನಿ ಅನ್ನೋನು ಒಬ್ಬ ಬಂದ್ರೂ ಬರ್ಬೋದಿತ್ತು, ಅವ್ನೂ ತಪ್ಪಿಸ್ಕೊಂತಾನೆ.”

ವರದಿ ಮಾಡಲಿಲ್ಲ. ಮಾಡಿದ್ದರೆ ನಿಖರತೆಗಾಗಿ ಒಂದು ಸಂಗತಿ ಸೇರಿಸಬೇಕಾಗುತ್ತಿತ್ತು. ಆ ಪ್ರೋಗ್ರಾಮಿಗಾಗಿ ಹಣ ಪಡೆದವರು ಇಬ್ಬರು: ಕೆಲಸ ಸಾಗದ ತಿಂಗಳಿಗೆ ಆಕೆ, ಕೆಲಸ ಸಾಗಿದ ತಿಂಗಳಿಗೆ ಅದರ ಒಂದು ಸಾಲೂ ಬರೆಯದ ನಾನು. ಇದನ್ನು ಮೊದಲು ಗಮನಿಸಿದ್ದು ಅಜ್ಜಿ. ಕೊನೆಯ ದಿನ ಕವರು ತುಂಬುತ್ತಾ ಕೇಳಿದರು:

“ಅಲ್ಲ ಮಗಾ, ನೀನು ಇಲ್ಲಿ ಕೂತಿರೋ ದಿನಕ್ಕೂ ನಿಮ್ಮ ಆಪೀಸ್ನೋರು ಸಂಬ್ಳ ಕೊಡ್ತಾರಾ?”

“ಕೊಡ್ತಾರಜ್ಜಿ.”

ಅವರು ತಮ್ಮ ಮುಂದಿದ್ದ ಕಟ್ಟನ್ನು ನನ್ನ ಕಡೆಗೆ ತಳ್ಳಿದರು.

“ಹಂಗಾರೆ ಇದನ್ನೂ ಮಡಿಸ್ಬಿಡಿ ಸಾರ್.”