ಗೋಲಿನ ಗುರು ಯಾರಿ

ಕುವೈತಿನ ಮೈದಾನ್ ಹವಲ್ಲಿಯಲ್ಲಿರುವ ನಮ್ಮ ಮನೆಯ ಬಾಲ್ಕನಿಯನ್ನು ನೀವು ಬೇಸಿಗೆಯ ಒಂದು ಶುಕ್ರವಾರ ಬೆಳಿಗ್ಗೆ ಬಂದು ನೋಡಬೇಕು. ಒಂದು ಕಡೆ ಹಳೆಯ ಪಂಚೆಯ ಮೇಲೆ ಅರಳು ಸಂಡಿಗೆ, ಅದರ ಪಕ್ಕದ ತಟ್ಟೆಯಲ್ಲಿ ಮಜ್ಜಿಗೆ ಮೆಣಸಿನಕಾಯಿ, ಅವೆರಡರ ನಡುವೆ ಗೋಡೆಗೊರಗಿ ನಿಂತ, ಸುರುಳಿ ಸುತ್ತಿದ ಹಾಸಿಗೆಗಳಷ್ಟು ದಪ್ಪದ ಎರಡು ಕಾಲುಕವಚಗಳು. ಜೊತೆಗೆ ಒಂದು ಎದೆಕವಚ, ಒಂದು ಮುಖವಾಡ, ಆಮೆಯ ಚಿಪ್ಪಿನಂಥ ಒಂದು ಜೊತೆ ಕೈಗವಸು. ಸಂಡಿಗೆ ಒಂದೇ ಹಗಲಿನಲ್ಲಿ ಗರಿಗರಿಯಾಗುವ ಈ ಊರಿನ ಬಿಸಿಲಿಗೂ ಆ ಕವಚಗಳ ಬೆವರಿನ ವಾಸನೆಯನ್ನು ಪೂರ್ತಿ ಕಳೆಯುವ ಶಕ್ತಿ ಇಲ್ಲ. ಎದುರು ಬಾಲ್ಕನಿಯ ಕೇರಳದ ಹಿರಿಯರೊಬ್ಬರು ಇವನ್ನೆಲ್ಲ ಬಹಳ ಕಾಲ ದಿಟ್ಟಿಸಿ, ಕೊನೆಗೊಮ್ಮೆ ಲಿಫ್ಟಿನಲ್ಲಿ ಸಿಕ್ಕಾಗ, "ಮಗ ಏನೋ ಆಡುತ್ತಾನೆ ಅಲ್ಲವೇ?" ಎಂದು ಕೇಳಿದ್ದರು. ಮಗ ಮಣಿಪಾಲದಲ್ಲಿ ಓದುತ್ತಿದ್ದಾನೆ, ಆಡುವವಳು ನನ್ನ ಹೆಂಡತಿ ಎಂದೆ. ಅವರು ಇಳಿಯಬೇಕಾದ ಮಹಡಿ ಬಂದರೂ ಇಳಿಯಲಿಲ್ಲ.

ಅವರನ್ನು ದೂರಿ ಫಲವಿಲ್ಲ. ಹೊರಗೆ ಡಾಂಬರು ಕರಗುವ ಬಿಸಿಲು. ಒಳಗೆ, ಒಂದು ದೊಡ್ಡ ಕಟ್ಟಡದ ಹೊಟ್ಟೆಯಲ್ಲಿ, ಹಿಮದ ನೆಲ. ಆ ನೆಲದ ಮೇಲೆ ಲೋಹದ ಅಲಗಿನ ಬೂಟು ತೊಟ್ಟ ಹೆಂಗಸರು ಕೋಲು ಹಿಡಿದು ಕಪ್ಪು ರಬ್ಬರಿನ ಒಂದು ಬಿಲ್ಲೆಯ ಹಿಂದೆ ಓಡುತ್ತಾರೆ, ಆ ಆಟಕ್ಕೆ ಐಸ್ ಹಾಕಿ ಎಂದು ಹೆಸರು ಎಂದರೆ, ಕುವೈತಿನಲ್ಲಿ ಅರ್ಧ ಆಯುಷ್ಯ ಕಳೆದ ನನಗೇ ನಂಬಿಕೆ ಬರಲು ಸಮಯ ಹಿಡಿಯಿತು. ನಾನು ಹೊಟ್ಟೆಪಾಡಿಗೆ ಏರ್‌ಕಂಡೀಷನ್ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್; ಇಲ್ಲಿನ ಜನ ಬೆವರದ ಹಾಗೆ ನೋಡಿಕೊಳ್ಳುವುದೇ ನನ್ನ ಕಸುಬು. ನನ್ನ ಹೆಂಡತಿ ವಸುಧಾ ಮಾತ್ರ ದುಡ್ಡು ಕೊಟ್ಟು ತಣ್ಣಗಿನ ಜಾಗಕ್ಕೆ ಹೋಗಿ ಬೆವರಿ ಬರುತ್ತಾಳೆ.

ಅವಳು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳ ತಜ್ಞೆ. ತುಮಕೂರಿನ ಕಾಲೇಜಿನಲ್ಲಿ ಖೊಖೊ ಆಡುತ್ತಿದ್ದವಳು. ಮದುವೆಯಾದ ಮೇಲೆ ಓಡಿದ್ದೆಲ್ಲ ಶಾಲೆಯ ಬಸ್ಸಿನ ಹಿಂದೆ. ಮಗ ದೂರ ಹೋದ ವರ್ಷ, ಸಹೋದ್ಯೋಗಿಯೊಬ್ಬಳು ಅವಳನ್ನು ಆ ಹಿಮದ ಅಂಗಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಕುವೈತಿನ ಹುಡುಗಿಯರೂ ಪರದೇಶದ ಹೆಂಗಸರೂ ಸೇರಿ ಕಟ್ಟಿದ ಒಂದು ತಂಡವಿತ್ತು. ಎಲ್ಲರಿಗೂ ಗೋಲು ಹೊಡೆಯುವ ಆಸೆ, ಗೋಲಿನ ಮುಂದೆ ನಿಂತು ಹೊಡೆತ ತಿನ್ನುವ ಆಸೆ ಯಾರಿಗೂ ಇರಲಿಲ್ಲ. "ನಿಲ್ಲೋದೇ ತಾನೆ ಕೆಲಸ? ನಾನು ನಿಲ್ತೀನಿ," ಅಂದಳಂತೆ ನಮ್ಮ ಮಹಾತಾಯಿ, ನಲವತ್ತು ದಾಟಿದವಳು. ಪ್ರತಿ ಸಲವೂ ಅವಳ ಗಂಟುಮೂಟೆ ಹೊತ್ತು ಹಿಂದೆ ಹೋಗುತ್ತಿದ್ದ ನನ್ನನ್ನು ಕಂಡು, ಮುಖ್ಯ ಕೋಚ್ ಫಹದ್ ಒಂದು ದಿನ ಅಸಿಸ್ಟೆಂಟ್ ಕೋಚ್ ಎಂಬ ಬಿರುದನ್ನು ಕರುಣಿಸಿದ. ಆಟಗಾರ್ತಿಯರು ಒಳಗೆ ಹೊರಗೆ ಓಡಾಡುವಾಗ ಬೆಂಚಿನ ಪಕ್ಕದ ಪುಟ್ಟ ಗೇಟು ತೆರೆದು ಮುಚ್ಚುವುದು, ನೀರಿನ ಬಾಟಲಿ ತುಂಬಿಸುವುದು, ಇಷ್ಟಕ್ಕೆ ಅಷ್ಟು ದೊಡ್ಡ ಹೆಸರು. ನಾನು ಬೇಡ ಎನ್ನಲಿಲ್ಲ. ಬಿರುದು ಬಂದಾಗ ಬೇಡ ಎಂದ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆಮೇಲೆ ಬಂದವರು ಯಾರಿ. ಫಿನ್ಲೆಂಡಿನ ಮನುಷ್ಯ, ಅಲ್ಲಿನ ವೃತ್ತಿಪರ ತಂಡಗಳಲ್ಲಿ ಗೋಲ್‌ಕೀಪರುಗಳಿಗೆ ಮಾತ್ರ ಪಾಠ ಹೇಳುವ ಕೋಚ್ ಆಗಿ ತಲೆ ನರೆಸಿಕೊಂಡು, ನಿವೃತ್ತಿಯಾಗಿ, ಇಲ್ಲಿ ಶಿಕ್ಷಕಿಯಾಗಿರುವ ಮಗಳ ಮನೆಗೆ ಬಂದಿದ್ದರು. ಫಹದ್ ಅವರನ್ನು ಹುಡುಕಿ ಹಿಡಿದ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿದಾಗ ಅಡುಗೆಮನೆಯಿಂದ ಪ್ರಶ್ನೆ ಬಂತು:

"ಯಾರ್ರೀ ಬರ್ತಿರೋದು?"

"ಯಾರಿ."

"ಅದನ್ನೇ ಅಲ್ವೇನ್ರೀ ನಾನೂ ಕೇಳ್ತಿರೋದು?"

"ಯಾರಿನೇ ಕಣೆ ಬರ್ತಿರೋದು, ಯಾರಿ!"

ಸೌಟು ಹಿಡಿದೇ ಹೊರಬಂದಳು. ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಆದರೆ ಆ ಹೆಸರು ಅವರ ಉದ್ಯೋಗಕ್ಕೆ ಎಷ್ಟು ಒಪ್ಪುತ್ತದೆ ಎಂಬುದು ನನಗೆ ಹೊಳೆದದ್ದು, ಅವರನ್ನು ನನ್ನ ಕಾರಿನಲ್ಲಿ ಅಭ್ಯಾಸಕ್ಕೆ ಕರೆದುಕೊಂಡು ಹೋಗಲು ತೊಡಗಿದ ಮೇಲೆ. ಮಿತಭಾಷಿ. ಆದರೂ ಕೆಲಸದ ವಿಷಯ ಕೇಳಿದರೆ ಬಾಯಿ ಬಿಡುತ್ತಿದ್ದರು. ದೊಡ್ಡ ತಂಡಗಳಲ್ಲಿ ಮುಖ್ಯ ಕೋಚು ಎಲ್ಲರ ಕಣ್ಣಿಗೆ ಬೀಳುವವನು, ಗೆದ್ದರೆ ಹಾರ, ಸೋತರೆ ಬೈಗುಳ ಎರಡೂ ಅವನಿಗೆ. ಅವನ ಹಿಂದೆ ಇಬ್ಬರೋ ಮೂವರೋ ಸಹಾಯಕರು. ಒಬ್ಬ ರಕ್ಷಣೆಯವರನ್ನು ನೋಡಿಕೊಂಡರೆ ಇನ್ನೊಬ್ಬ ದಾಳಿಯವರನ್ನು, ಮತ್ತೊಬ್ಬ ವಿಡಿಯೊ ತುಣುಕುಗಳನ್ನು. ಮುಖ್ಯ ಕೋಚು ಗದರಿಸಿ ಹೋದ ಮೇಲೆ ಆಟಗಾರನ ಪಕ್ಕ ಕೂತು, ಆ ಗದರಿಕೆಯ ಅರ್ಥವನ್ನು ಬಿಡಿಸಿ ಹೇಳುವವರು ಅವರೇ. ಅಪ್ಪ ಹೊಡೆದರೆ ಚಿಕ್ಕಪ್ಪ ಸಮಾಧಾನ ಮಾಡುವುದಿಲ್ಲವೇ, ಹಾಗೆ. ಇನ್ನು ಗೋಲ್‌ಕೀಪರ್ ಕೋಚು ಇವರೆಲ್ಲರಿಂದ ದೂರ, ಗ್ಯಾಲರಿಯ ತುದಿಯಲ್ಲಿ ಒಬ್ಬನೇ ಕೂರುವವನು, ಯಾರು ಎಂದು ಯಾರೂ ಕೇಳದವನು. ಗೋಲ್‌ಕೀಪರ್ ಎಷ್ಟು ಮುಂದೆ ಬಂದು ನಿಂತಿದ್ದಾನೆ ಎಂಬುದು ಮೇಲಿನಿಂದ ನೋಡಿದರೆ ಮಾತ್ರ ಕಾಣುತ್ತದೆ.

"ಒಳ್ಳೆಯ ಗೋಲ್‌ಕೀಪರ್ ಹಾರುವುದಿಲ್ಲ, ಬೀಳುವುದಿಲ್ಲ. ಬಿಲ್ಲೆ ತಾನಾಗಿ ಬಂದು ಮೈಗೆ ಬಡಿಯುತ್ತದೆ. ಜನ ಅದನ್ನು ಅದೃಷ್ಟ ಅನ್ನುತ್ತಾರೆ," ಎಂದರು ಒಮ್ಮೆ.

"ನೀವೇನನ್ನುತ್ತೀರಿ?"

"ನಾನು ಏನೂ ಅನ್ನುವುದಿಲ್ಲ. ಅದೃಷ್ಟದ ಹಾಗೆ ಕಾಣಿಸಿದರೆ ನನ್ನ ಕೆಲಸ ಮುಗಿಯಿತು."

ಆ ಅದೃಷ್ಟವನ್ನು ಅವರು ಹಗ್ಗದಿಂದ ಅಳೆಯುತ್ತಿದ್ದರು. ಗೋಲಿನ ಎರಡು ಕಂಬಗಳಿಗೂ ಹಗ್ಗ ಕಟ್ಟಿ, ಎರಡರ ತುದಿಗಳನ್ನೂ ಬಿಲ್ಲೆ ಇರುವ ಜಾಗದಲ್ಲಿ ನನ್ನ ಕೈಗೆ ಕೊಡುತ್ತಿದ್ದರು. ಆ ಹಗ್ಗಗಳ ನಡುವಿನ ಮುಕ್ಕೋಣವನ್ನು ವಸುಧಾ ತನ್ನ ದೇಹದಿಂದ ತುಂಬಬೇಕು. ಒಂದು ಹೆಜ್ಜೆ ಮುಂದೆ ಬಂದರೆ ಗೋಲು ಚಿಕ್ಕದಾಗುತ್ತದೆ, ಹಿಂದೆ ಸರಿದರೆ ದೊಡ್ಡದಾಗುತ್ತದೆ. ಭಯಪಟ್ಟವರಿಗೆ ಗೋಲು ದೊಡ್ಡದು, ಮುಂದೆ ಬಂದವರಿಗೆ ಚಿಕ್ಕದು. ಗಣಿತ ಇಷ್ಟು ಧೈರ್ಯ ಹೇಳಬಲ್ಲುದು ಎಂದು ಇಂಜಿನಿಯರಿಂಗ್ ಓದುವಾಗ ನನಗೆ ಯಾರೂ ಕಲಿಸಿರಲಿಲ್ಲ.

ಇಷ್ಟೆಲ್ಲ ಆದರೂ ಮೊದಲ ದೊಡ್ಡ ಪಂದ್ಯ ನೆಲಕಚ್ಚಿತು. ಪಕ್ಕದ ದೇಶದಿಂದ ಬಂದ ತಂಡವೊಂದು ನಮ್ಮನ್ನು ಹಿಗ್ಗಾಮುಗ್ಗಾ ಥಳಿಸಿತು. ವಸುಧಾ ಪ್ರತಿ ಸಲ ಮಂಡಿಯೂರಿ ಕುಸಿಯುವಷ್ಟರಲ್ಲಿ ಬಿಲ್ಲೆ ಹಿಂದಿನ ಬಲೆಯಲ್ಲಿರುತ್ತಿತ್ತು. ಆಟ ಅರ್ಧವಾಗುವ ಮೊದಲೇ ಫಹದ್ ಅವಳನ್ನು ಹೊರಕ್ಕೆ ಕರೆದು, ಎರಡನೆಯ ಗೋಲ್‌ಕೀಪರ್ ನೂರ್‌ಳನ್ನು ಇಳಿಸಿದ. ನೂರ್ ಇಲ್ಲಿನ ವಿಶ್ವವಿದ್ಯಾಲಯದ ಹುಡುಗಿ, ಮಿಂಚಿನ ಹಾಗೆ ಜಾರುವವಳು. ಸಾವಿರಾರು ಜನರೇನೂ ಇರಲಿಲ್ಲ, ಆದರೂ ಗೋಲಿನಿಂದ ಬೆಂಚಿನವರೆಗೆ ಎಲ್ಲರೆದುರು ಒಬ್ಬಳೇ ಜಾರಿಕೊಂಡು ಬರುವ ಆ ದಾರಿ ಬಹಳ ಉದ್ದ. ಗೇಟು ತೆರೆದವನು ನಾನೇ. ಮುಖವಾಡದೊಳಗಿನ ಕಣ್ಣು ನನ್ನನ್ನು ನೋಡಲಿಲ್ಲ.

ಮನೆಗೆ ಬಂದವಳೇ ಕವಚಗಳನ್ನು ಬಾಲ್ಕನಿಗೆ ಎಸೆದು, "ಖಲಾಸ್ ಕಣ್ರೀ. ಈ ಮಂಡಿ ಇಟ್ಕೊಂಡು ನನಗ್ಯಾಕ್ರೀ ಬೇಕಿತ್ತು ಇದೆಲ್ಲ," ಎಂದಳು. ನಾನು ಗಂಡನಾಗಿ ಹೇಳಬೇಕಾದ ಮಾತುಗಳನ್ನೆಲ್ಲ ಹೇಳಿದೆ. ಒಂದೂ ನಾಟಲಿಲ್ಲ.

ಮುಂದಿನ ಶುಕ್ರವಾರ ಯಾರಿ ಮನೆಗೇ ಬಂದರು. ಅಕ್ಕಿರೊಟ್ಟಿಯನ್ನು ಕಾಯಿಚಟ್ನಿಯ ಜೊತೆ ಸದ್ದಿಲ್ಲದೆ ತಿಂದು ಮುಗಿಸಿ, ಸೋಲಿನ ಸುದ್ದಿಯನ್ನೇ ಎತ್ತದೆ, "ಚಿಕ್ಕಂದಿನಲ್ಲಿ ಏನು ಆಡುತ್ತಿದ್ದೆ?" ಎಂದು ಕೇಳಿದರು. ಖೊಖೊ ಎಂದರೆ ಏನೆಂದು ವಿವರಿಸಲು ಹೋಗಿ ಸೋತ ವಸುಧಾ, ಸೋಫಾವನ್ನು ಗೋಡೆಗೆ ತಳ್ಳಿಸಿ, ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ನಡುಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಬೆನ್ನು ತಟ್ಟಿ "ಖೊ" ಎನ್ನುವ ಕೆಲಸ ನನ್ನದು. ನಾನು ಅಂದ ತಕ್ಷಣ ಅವಳು ಎದ್ದು ಬಾಗಿಲ ಬಳಿ ಇದ್ದಳು. ನಡುವೆ ಏನಾಯಿತೆಂದು ನನಗೆ ಕಾಣಲಿಲ್ಲ.

"ಇನ್ನೊಮ್ಮೆ," ಎಂದರು ಯಾರಿ. ಇನ್ನೊಮ್ಮೆ. ಮತ್ತೊಮ್ಮೆ. ಮೇಜಿನ ಮೇಲಿದ್ದ ಕಾಫಿ ಆರಿತು.

"ನಾನು ನಿನಗೆ ತಪ್ಪು ಪಾಠ ಹೇಳುತ್ತಿದ್ದೆ," ಎಂದರು ಕೊನೆಗೆ. "ಬೀಳುವುದನ್ನು ಕಲಿಸುತ್ತಿದ್ದೆ. ನಿನ್ನ ಮಂಡಿಗೆ ಅದು ಎಂದೂ ಬೇಗ ಬರುವುದಿಲ್ಲ. ಆದರೆ ಏಳುವುದು ನಿನಗೆ ಗೊತ್ತು. ಮೊದಲ ಹೊಡೆತಕ್ಕೆ ಸರಿಯಾದ ಜಾಗದಲ್ಲಿ ನಿಂತಿರು, ಸಾಕು. ಗೋಲಾಗುವುದು ಹೆಚ್ಚಾಗಿ ಎರಡನೆಯ ಹೊಡೆತಕ್ಕೆ, ಕೆಳಗೆ ಬಿದ್ದವರು ಇನ್ನೂ ಬಿದ್ದೇ ಇರುವಾಗ. ಅಷ್ಟರಲ್ಲಿ ನೀನು ಎದ್ದಿರುತ್ತೀಯ."

ವಸುಧಾ ಬಾಲ್ಕನಿಗೆ ಹೋಗಿ ಕವಚಗಳ ಧೂಳು ಕೊಡವಿದಳು.

ಗುರುಗಳೆಂದರೆ ತಮಗೆ ಗೊತ್ತಿರುವುದನ್ನು ನಮಗೆ ತುಂಬುವವರು ಎಂದು ನಾನು ಬಹುಕಾಲ ತಿಳಿದಿದ್ದೆ. ಮುಖ್ಯ ಕೋಚಿಗೆ ಇಪ್ಪತ್ತು ಮಂದಿಯ ಚಿಂತೆ; ಅವನ ಕಣ್ಣು ಎಲ್ಲರ ಮೇಲೂ ಇರಬೇಕಾದ್ದರಿಂದ ಯಾರೊಬ್ಬರ ಮೇಲೂ ಪೂರ್ತಿ ನಿಲ್ಲುವಂತಿಲ್ಲ. ಒಬ್ಬರನ್ನೇ ದಿಟ್ಟಿಸಿ ನೋಡಲು, ಅವರೇ ಮರೆತ ಅವರ ಬಲವನ್ನು ಅವರ ಮೈಯಿಂದಲೇ ಹೆಕ್ಕಿ ತೆಗೆಯಲು, ಪಕ್ಕದಲ್ಲೊಬ್ಬ ಬಿಡುವಿನ ಮನುಷ್ಯ ಬೇಕು. ಸಂಗೀತ ಕಛೇರಿಯಲ್ಲಿ ತಂಬೂರಿ ಮೀಟುವವರ ಹೆಸರನ್ನು ಯಾರೂ ಕೇಳುವುದಿಲ್ಲ. ಆದರೆ ಹಾಡುವವರು ದಾರಿ ತಪ್ಪಿದಾಗ ಕಿವಿ ಹಾಯಿಸುವುದು ಅತ್ತಲೇ.

ಪಕ್ಕದ ದೇಶದ ಆ ತಂಡ ಮತ್ತೆ ಬಂತು, ಈ ಸಲ ಕಪ್ಪಿಗಾಗಿ. ಪಂದ್ಯದ ಹಿಂದಿನ ದಿನದ ಅಭ್ಯಾಸ ಮುಗಿದಾಗ ಫಹದ್, ಗೋಲಿನಲ್ಲಿ ನೂರ್ ನಿಲ್ಲುತ್ತಾಳೆ ಎಂದ. ಅದುವರೆಗೆ ಮುಖ್ಯ ಕೋಚಿನ ಮಾತಿಗೆ ಒಂದೂ ಎದುರುಮಾತು ಆಡದ ಯಾರಿ ಅಂದು ಗಂಟಲು ಸರಿಮಾಡಿಕೊಂಡರು.

"ಉಳಿದ ಐವರನ್ನು ನೀನು ಆರಿಸು, ನಾನು ತುಟಿ ಬಿಚ್ಚುವುದಿಲ್ಲ. ಆದರೆ ಗೋಲಿಗೆ ಯಾರು ಎಂದು ನನ್ನನ್ನು ಕೇಳಬೇಕು. ಅದಕ್ಕಲ್ಲವೇ ನನ್ನನ್ನು ಕರೆಸಿದ್ದು?"

"ವಸುಧಾ ಅವರಿಗಿಂತ ನೂರ್ ಚುರುಕು ಅಂಕಲ್."

"ಹೌದು. ಮುಂದಿನ ವರ್ಷ ನೂರ್‌ಳನ್ನೇ ಹೇಳುತ್ತೇನೆ. ನಾಳೆಗೆ ವಸುಧಾ."

ಫಹದ್ ಸ್ವಾಭಿಮಾನಿ, ಆದರೆ ನ್ಯಾಯವಂತ. "ಸರಿ. ಆದರೆ ಎರಡು ಗೋಲು ಬಿದ್ದರೆ ಬದಲಾಯಿಸುತ್ತೇನೆ," ಎಂದ. ಮರುದಿನ ವಸುಧಾಳ ಕಾಲುಕವಚದ ಪಟ್ಟಿಗಳನ್ನು ಬಿಗಿದವಳು ನೂರ್. "ಯಲ್ಲಾ ಖಾಲಾ," ಎಂದು ಬೆನ್ನು ತಟ್ಟಿದಳು. ಯಲ್ಲಾ ಎಂದರೆ ನಡಿ, ಖಾಲಾ ಎಂದರೆ ಚಿಕ್ಕಮ್ಮ. ಆ ಹುಡುಗಿ ಅವಳನ್ನು ಕರೆಯುತ್ತಿದ್ದುದೇ ಹಾಗೆ.

ಆಟ ಶುರುವಾಗಿ ನಾನು ಬಾಟಲಿಯ ಮುಚ್ಚಳ ತಿರುಗಿಸುವಷ್ಟರಲ್ಲಿ ಒಂದು ಗೋಲು ಬಿತ್ತು. ಎಳೆಗೂಸೂ ತಡೆಯಬಹುದಾಗಿದ್ದ ಹೊಡೆತ, ತೋಳಿನ ಕೆಳಗೆ ನುಸುಳಿಹೋಯಿತು. ಇಡೀ ಅಂಗಳ ವಸುಧಾಳ ಕಡೆ ತಿರುಗಿತು. ಫಹದ್ ನೂರ್ ಕಡೆ ನೋಡಿದ, ನೂರ್ ಮುಖವಾಡಕ್ಕೆ ಕೈ ಹಾಕಿದಳು. ನಾನು ಮೇಲೆ ನೋಡಿದೆ. ಯಾರಿ ಮೊಣಕೈಯನ್ನು ತೊಡೆಗೂರಿ ಕೂತಲ್ಲೇ ಕೂತಿದ್ದರು, ಕಣ್ಣು ಮಾತ್ರ ಅವಳ ಮೇಲೆ. ಗೋಲು ಬಿದ್ದಾಗ ಎಲ್ಲರೂ ಗೋಲನ್ನು ನೋಡುತ್ತಾರೆ, ನಾನು ಅದರ ಮುಂದಿನ ಗಳಿಗೆಯನ್ನು ನೋಡುತ್ತೇನೆ ಎಂದು ಅವರು ಕಾರಿನಲ್ಲಿ ಹೇಳಿದ್ದರು. ವಸುಧಾ ತಲೆ ತಗ್ಗಿಸಲಿಲ್ಲ. ಗೋಲಿನ ಮೇಲಿಟ್ಟಿದ್ದ ಬಾಟಲಿ ತೆಗೆದು, ನಿಧಾನವಾಗಿ ನೀರು ಕುಡಿದು, ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಫಹದ್ ಕೈಸನ್ನೆಯಿಂದ ನೂರ್‌ಳನ್ನು ಕೂರಿಸಿದ.

ಅಲ್ಲಿಂದ ಮುಂದೆ ಬಿಲ್ಲೆಗಳು ಅವಳನ್ನು ಹುಡುಕಿಕೊಂಡು ಬರತೊಡಗಿದವು. ಎದೆಗೆ, ಭುಜಕ್ಕೆ, ಕವಚಕ್ಕೆ, ಒಂದಂತೂ ಮುಖವಾಡಕ್ಕೇ. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ, "ಏನು ಅದೃಷ್ಟ!" ಎಂದರು. ನಾನು ಮತ್ತೆ ಗ್ಯಾಲರಿಯ ತುದಿಗೆ ಕಣ್ಣು ಹಾಯಿಸಿದೆ. ಅಷ್ಟರಲ್ಲಿ ನಮ್ಮವರು ಒಂದು ಗೋಲು ಹೊಡೆದು, ಆಮೇಲೆ ಇನ್ನೊಂದನ್ನೂ ಹೊಡೆದಿದ್ದರು.

ಕೊನೆಯ ನಿಮಿಷದಲ್ಲಿ ಎದುರಾಳಿಗಳು ತಮ್ಮ ಗೋಲ್‌ಕೀಪರನ್ನೇ ಹೊರಗೆ ಕರೆದು, ಅವಳ ಬದಲು ಇನ್ನೊಬ್ಬ ದಾಳಿಗಾರ್ತಿಯನ್ನು ಇಳಿಸಿದರು. ಸೋಲುವವರು ಮಾಡುವ ಕೊನೆಯ ಸಾಹಸ ಅದು. ಆರು ಮಂದಿ ನಮ್ಮ ಗೋಲನ್ನು ಮುತ್ತಿದರು. ಹೊಡೆತ ಬಂತು, ವಸುಧಾ ಮಂಡಿಯೂರಿದಳು, ಬಿಲ್ಲೆ ಕವಚಕ್ಕೆ ಬಡಿದು ಸೀದಾ ಎಡಗಡೆಯಿದ್ದ ಎದುರಾಳಿಯ ಕೋಲಿಗೆ ಸಿಕ್ಕಿತು. ಅವಳ ಮುಂದೆ ಗೋಲು ಬಾಗಿಲು ತೆರೆದ ಮನೆಯ ಹಾಗೆ ಖಾಲಿ. ಅವಳು ಹೊಡೆದದ್ದನ್ನು ನಾನು ನೋಡಿದೆ. ವಸುಧಾ ಎದ್ದದ್ದನ್ನು, ಅಂದು ನಡುಮನೆಯಲ್ಲಿ ಆದ ಹಾಗೆಯೇ, ನೋಡಲಿಲ್ಲ. ನೋಡುವಾಗ ಅವಳು ಆ ಕಡೆ ಇದ್ದಳು, ಬಿಲ್ಲೆ ಅವಳ ಕೈಗವಸಿನೊಳಗಿತ್ತು. ಗ್ಯಾಲರಿಯ ತುದಿಯಲ್ಲಿ ಯಾರಿ ಎದ್ದು ನಿಂತಿದ್ದರು.

ಗಂಟೆ ಬಾರಿಸಿದ್ದು ನನಗೆ ಕೇಳಿಸಲೇ ಇಲ್ಲ. ಬೆಂಚಿನ ಮೇಲಿದ್ದವರೆಲ್ಲ ಗೇಟಿನ ಗೊಡವೆಯಿಲ್ಲದೆ ಕಟ್ಟೆ ಹಾರಿ ಓಡಿದರು. ಗುಂಪಿನ ಅಡಿಯಿಂದ ಹೊರಬಂದ ವಸುಧಾ ಮುಖವಾಡ ತೆಗೆದು, ಬೆವರಿಗೆ ಅಂಟಿದ ಕೂದಲಿನಲ್ಲೇ, ಕುಂಕುಮ ಕರಗಿ ಮೂಗಿನವರೆಗೆ ಇಳಿದ ಹಣೆಯಲ್ಲೇ, "ರೀ, ಗೆದ್ವಿ ಕಣ್ರೀ!" ಎಂದು ಇಡೀ ಕುವೈತಿಗೆ ಕೇಳುವ ಹಾಗೆ ಕೂಗಿದಳು. ಯಾರಿ ಮೆಟ್ಟಿಲಿಳಿದು ಬಂದಾಗ ಫಹದ್ ಕಪ್ಪನ್ನು ನೇರ ಅವರ ಕೈಗೆ ಕೊಟ್ಟು, "ನಾನು ತಂಡವನ್ನು ನೋಡಿದೆ ಅಂಕಲ್. ನೀವು ವಸುಧಾ ಅವರನ್ನು ನೋಡಿದಿರಿ," ಎಂದ. ಯಾರಿ ಕಪ್ಪನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ನಿಂತರು.

ಅದಾದ ಮುಂದಿನ ವಾರ, ಯಾರಿ ಕೇಳಿಕೊಂಡದ್ದಕ್ಕೆ, ವಸುಧಾ ಅವರಿಗೆ ಸಹಾಯಕಿಯಾದಳು. ಈಗ ನೀವು ಅಲ್ಲಿಗೆ ಬಂದರೆ, ಉಳಿದವರು ಬರುವ ಮೊದಲೇ ಹಿಮದ ಮೇಲೆ ಮೂವರು ಕಾಣುತ್ತಾರೆ. ಗೋಲಿನಲ್ಲಿ ನೂರ್, ಅವಳ ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟ ವಸುಧಾ, ಕೈಕಟ್ಟಿ ಸುಮ್ಮನೆ ನಿಂತ ಯಾರಿ. ನಮ್ಮ ಮಗ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವನು. ಆದರೆ ಈ ಕುವೈತಿ ಹುಡುಗಿ ಮಂಡಿಯೂರಿದಾಗಲೆಲ್ಲ ವಸುಧಾಳ ಬಾಯಲ್ಲಿ ಇಂಗ್ಲಿಷೂ ಬಾರದು, ಅರಬ್ಬಿಯೂ ಬಾರದು. "ಏಳು ನೂರ್! ಏಳು ನೂರ್!" ಎಂದು ಕೂಗುತ್ತಾಳೆ. ಗೊತ್ತಿಲ್ಲದ ಕನ್ನಡಿಗರು ಕೇಳಿದರೆ ಯಾವುದೋ ಸಂತೆಯಲ್ಲಿ ಏಳುನೂರಕ್ಕೆ ಹರಾಜು ನಡೆದಿದೆ ಎಂದುಕೊಳ್ಳಬೇಕು. ಕನ್ನಡದ ಒಂದಕ್ಷರ ಅರಿಯದ ನೂರ್ ಮಾತ್ರ, ಪ್ರತಿ ಸಲವೂ, ಸರಕ್ಕನೆ ಎದ್ದು ನಿಲ್ಲುತ್ತಾಳೆ.