ಹಲ್ಲಿನ ಕ್ಲಿನಿಕ್ಕಿನಲ್ಲಿ ಥ್ಯಾಂಕ್ಯೂ ಪಾಠ

ಕೊಡಿಗೇಹಳ್ಳಿಯ ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಬಾಗಿಲ ಎದುರಿನ ಕುರ್ಚಿ ನನ್ನದಾಗಿತ್ತು. ಕ್ಲಿನಿಕ್ ಶುರುವಾದಾಗಿನಿಂದ ಅಲ್ಲೇ ಕೂತು, ಕೆನ್ನೆ ಊದಿಸಿಕೊಂಡು ಬಂದವರಿಗೆ ‘ಬನ್ನಿ, ಕೂತ್ಕೊಳ್ಳಿ, ಡಾಕ್ಟ್ರು ಈಗ ಕರೀತಾರೆ’ ಎನ್ನುತ್ತಿದ್ದೆ. ಆ ಮಾತು ಅರ್ಥವಾಗಲಿಲ್ಲವೆಂದು ಯಾರೂ ಎದ್ದು ಹೋದದ್ದಿಲ್ಲ. ಹಿಂದಿನ ರಸ್ತೆಯಲ್ಲಿ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಡಾಕ್ಟರ ಹೆಂಡತಿಗೆ, ಅಂದರೆ ನಮ್ಮ ಮೇಡಂಗೆ, ಅದು ಸಾಲದಾಯಿತು. ಕ್ಲಿನಿಕ್ಕಿನ ಆಡಳಿತವೆಲ್ಲ ಅವರದೇ. ‘ಇಂಗ್ಲಿಷ್ ಬಂದ್ರೆ ಮಾತ್ರ ಫ್ರಂಟ್ ಡೆಸ್ಕು, ಇಲ್ದಿದ್ರೆ ಹಿಂದುಗಡೆ’ ಎಂದರು. ಹಿಂದುಗಡೆ ಎಂದರೆ ಸಲಕರಣೆ ತೊಳೆಯುವ, ಕಿಟಕಿಯಿಲ್ಲದ ಕೋಣೆ.

ಪಾಠವನ್ನೂ ಅವರೇ ಶುರುಮಾಡಿದರು. ಯಾವುದೋ ಆನ್‌ಲೈನ್ ಕೋರ್ಸ್ ಮುಗಿಸಿದ ಹುರುಪು. ಪೇಷಂಟುಗಳಿಲ್ಲದ ಮಧ್ಯಾಹ್ನಗಳಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಎರಡೇ ವಿಷಯ ಹೇಳಿಕೊಡುತ್ತಿದ್ದರು: ಗ್ರ್ಯಾಟಿಟ್ಯೂಡು, ರೆಸಿಲಿಯೆನ್ಸು. ಒಂದು ಉಪಕಾರ ಸ್ಮರಣೆ, ಇನ್ನೊಂದು ಬಿದ್ದರೂ ಎದ್ದು ನಿಲ್ಲುವ ಗಟ್ಟಿತನ. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಕೆಲಸಕ್ಕೆ ಹಚ್ಚಿದವಳಿಗೆ, ಎಸಿ ನಿಂತರೆ ಲೋಕವೇ ಮುಳುಗಿತೆಂದು ಕೂಗಾಡುವವರು ಗಟ್ಟಿತನದ ಪಾಠ ಹೇಳುತ್ತಿದ್ದರು. ಕೇಳುತ್ತ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

‘ಬೌನ್ಸ್ ಬ್ಯಾಕ್’ ಎಂದರೆ ಚೇತರಿಸಿಕೊಳ್ಳುವುದಂತೆ. ನಮ್ಮ ಕಡೆ ಬೌನ್ಸ್ ಆಗುವುದು ಚೆಕ್ಕು, ಅದಕ್ಕೆ ಯಾರೂ ಭೇಷ್ ಎನ್ನುವುದಿಲ್ಲ. ‘ಹ್ಯಾಂಗ್ ಇನ್ ದೇರ್’ ಎಂದರೆ ಧೈರ್ಯವಾಗಿರಿ, ತಡೆದುಕೊಳ್ಳಿ ಎಂದು. ನೋವೆಂದು ಬಂದವರಿಗೆಲ್ಲ ಇದನ್ನೇ ಹೇಳಬೇಕೆಂದು ಅಪ್ಪಣೆಯಾಯಿತು. ಕೀಳುವುದು ಒಂದು ಹಲ್ಲು, ಅದಕ್ಕೆ ಇಷ್ಟೊಂದು ಇಂಗ್ಲಿಷು. ಮೂಗಿಗಿಂತ ಮೂಗುತಿ ಭಾರ.

ಮರುದಿನವೇ ಹಳೇ ಊರಿನ ಯಜಮಾನರೊಬ್ಬರು ದವಡೆ ಹಿಡಿದುಕೊಂಡು ಬಂದರು. ಪಕ್ಕದಲ್ಲಿ ನಿಂತಿದ್ದ ಮೇಡಂ ನನ್ನನ್ನು ಕಣ್ಣಲ್ಲೇ ತಿವಿದರು. ‘ಹ್ಯಾಂಗ್ ಇನ್ ದೇರ್, ಸರ್’ ಎಂದೆ. ಯಜಮಾನರು ಸುತ್ತಮುತ್ತ ನೋಡಿದರು. ಕೈಯಲ್ಲಿದ್ದ ತರಕಾರಿ ಚೀಲವನ್ನು ಒಯ್ದು, ಗೋಡೆಗೆ ಮೇಡಂ ಹೊಸದಾಗಿ ಹಾಕಿಸಿದ್ದ ‘ಬಿ ಗ್ರೇಟ್‌ಫುಲ್’ ಎಂಬ ಫಲಕದ ಮೂಲೆಗೆ ನೇತುಹಾಕಿದರು.

‘ಇಲ್ಲೇ ತಾನೇನವ್ವಾ ನೇತಾಕೋದು? ಅಲ್ಲು ಬೋ ನೋಯ್ತೈತೆ, ಬೇಗ ಕರ್ಸು’ ಎಂದರು.

ಫಲಕ ಓರೆಯಾಗಿ ಜೋತುಬಿತ್ತು. ನಾನು ತಡೆಯಲಾರದೆ ನಕ್ಕೆ. ಮೇಡಂ ನಗಲಿಲ್ಲ.

ಆ ಸಂಜೆ ಒಳಗೆ ಕರೆದರು. ನಾಳೆಯಿಂದ ಮುಂದಿನ ಕುರ್ಚಿಗೆ ಬೇರೆಯವರು ಬರುತ್ತಾರೆ, ನಾನು ಹಿಂದುಗಡೆಗೆ ಹೋಗಬೇಕು. ‘ತೆಗ್ದೇ ಹಾಕ್ಬಹುದಿತ್ತು, ಆದ್ರೂ ಇಟ್ಕೊಂಡಿದೀನಿ ನೋಡಿ. ಯೂ ಆರ್ ಸೋ ರೆಸಿಲಿಯೆಂಟ್!’ ಎಂದರು. ಒದೆಯುವುದೂ ಅವರೇ, ಒದೆ ತಡೆದುಕೊಂಡಳೆಂದು ಮೆಚ್ಚುವುದೂ ಅವರೇ. ಅಷ್ಟಕ್ಕೂ ಬಿಡಲಿಲ್ಲ. ‘ಈಗ ಏನ್ ಹೇಳ್ಬೇಕು?’ ಎಂದು ಮಗುವನ್ನು ಕೇಳುವಂತೆ ಕೇಳಿ, ತಾವೇ ಹೇಳಿಕೊಟ್ಟರು: ‘ಐ ಕಾಂಟ್ ಥ್ಯಾಂಕ್ ಯೂ ಇನಫ್.’ ನಿಮ್ಮ ಉಪಕಾರ ಎಷ್ಟು ನೆನೆದರೂ ಸಾಲದು ಎಂಬ ಅರ್ಥವಂತೆ.

ನಮ್ಮಲ್ಲಿ ಇನಫ್ ಎಂದರೆ ಸಾಕು. ಎಲೆಗೆ ಕೈ ಅಡ್ಡ ಹಿಡಿದು ಬಡಿಸುವವರಿಗೆ ಹೇಳುವ ಮಾತು.

‘ಐ ಕಾಂಟ್ ಥ್ಯಾಂಕ್ ಯೂ’ ಎಂದೆ. ಒಮ್ಮೆ ಉಸಿರು ಎಳೆದುಕೊಂಡೆ. ‘ಇನಫ್.’

‘ಪರ್ಫೆಕ್ಟ್! ಸೋ ಸ್ವೀಟ್!’ ಎಂದು ಮೇಡಂ ಚಪ್ಪಾಳೆ ತಟ್ಟಿದರು.

ಮರುದಿನ ನಾನು ಹೋಗಲಿಲ್ಲ. ಕ್ಲಿನಿಕ್ಕಿನ ಬಾಗಿಲು ತೆರೆಯುವ ಹೊತ್ತಿಗೆ ಮೇಡಂ ಫೋನು ಬಂತು. ‘ಏನ್ರೀ ಇದು? ನಿನ್ನೆ ಅಷ್ಟು ಚೆನ್ನಾಗಿ ಥ್ಯಾಂಕ್ಸ್ ಹೇಳಿದ್ರಿ, ಇವತ್ತು ಬಂದೇ ಇಲ್ವಲ್ಲ?’

‘ಅದು ಥ್ಯಾಂಕ್ಸ್ ಅಲ್ಲ ಮೇಡಂ’ ಎಂದೆ. ‘ರಾಜೀನಾಮೆ.’