ಲಿಂಬೆಹಣ್ಣು ಹಾದ ಪೈಪು

ಆಗೆಲ್ಲ ಮಾನ್ವಿಯಲ್ಲಿ ಯಾರ ಮನೆಯಲ್ಲಿ ಇವತ್ತು ಏನು ನಡೆದಿದೆ ಎಂದು ಕೇಳಿ ತಿಳಿಯಬೇಕಾಗಿರಲಿಲ್ಲ. ಓಣಿಯಲ್ಲಿ ಒಮ್ಮೆ ನಡೆದರೆ ಸಾಕು, ಬಚ್ಚಲ ನೀರು ಬಾಗಿಲ ಮುಂದೆಯೇ ಹರಿದು ಬಂದು ಎಲ್ಲ ಹೇಳುತ್ತಿತ್ತು. ಸೀಗೆಕಾಯಿಯ ನೊರೆ ಇದ್ದರೆ ತಲೆಸ್ನಾನ. ನೀಲಿ ಬಣ್ಣ ಇದ್ದರೆ ಧೋತರ ಒಗೆದಿದ್ದಾರೆ. ಅನ್ನದ ಅಗುಳು ತೇಲಿ ಬಂದರೆ ಬೀಗರು ಬಂದಿದ್ದಾರೆ, ಯಾಕೆಂದರೆ ನಾವು ನಾವೇ ಇದ್ದ ದಿನ ಎಲ್ಲರ ಮನೆಯಲ್ಲೂ ಜೋಳದ ರೊಟ್ಟಿಯೇ.

ಆ ನೀರೇ ನಮ್ಮ ಶಾರದಕ್ಕನ ಮದುವೆಗೆ ಅಡ್ಡ ಬಂತು. ಎಂಬತ್ತರ ದಶಕದ ಮೊದಲ ವರ್ಷಗಳವು. ನನಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತು. ಸಿರವಾರದಿಂದ ಕನ್ಯೆ ನೋಡಲು ಬಂದವರಲ್ಲಿ ಹಿರಿಯರೊಬ್ಬರು ನಮ್ಮ ಬಾಗಿಲ ಮುಂದೆಯೇ ಜಾರಿ, ಬಿಳಿ ಧೋತರದ ಸಮೇತ ಬಚ್ಚಲ ನೀರಿನಲ್ಲಿ ಕೂತುಬಿಟ್ಟರು. ಪಾಪ, ಚಹಾ ಕುಡಿದರು, ಅಕ್ಕನನ್ನು ಹೊಗಳಿದರು. ಊರಿಗೆ ಹೋದ ಮೇಲೆ ಮಾತೇ ಕಳಿಸಲಿಲ್ಲ. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮುಂದಿನ ತಿಂಗಳು ದೇವದುರ್ಗದಿಂದ ಇನ್ನೊಂದು ಸಂಬಂಧದ ಸುದ್ದಿ ಬಂತು. ಹುಡುಗನಿಗೆ ರೇಡಿಯೋ ರಿಪೇರಿ ಅಂಗಡಿ. ಅವನ ಫೋಟೋ ನಮ್ಮ ಮನೆಗೆ ಬಂದ ದಿನವೇ ಕಾಣೆಯಾಯಿತು. ಆಮೇಲೆ ಅಕ್ಕನ ಕಸೂತಿ ಪುಸ್ತಕದಲ್ಲಿ ನಾನೇ ಅದನ್ನು ನೋಡಿದೆ. ಅಕ್ಕ ನನ್ನ ಕಿವಿ ಹಿಡಿದು, "ಯಾರಿಗೂ ಹೇಳಬ್ಯಾಡ ಗಿರ್ಜಿ. ಈ ಸಲ ಮಾತ್ರ ಏನೂ ಕೆಡಬಾರದು ನೋಡು," ಎಂದಳು. ಅಷ್ಟು ಆಸೆಯಿಂದ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಈ ಸಲ ಒಂದು ಹನಿ ನೀರೂ ಬೀಗರ ಕಣ್ಣಿಗೆ ಬೀಳಬಾರದೆಂದು ಹಠ ತೊಟ್ಟು, ನೆಲದೊಳಗೆ ಪೈಪು ಹಾಕಿಸಲು ಎದುರುಮನೆಯ ಗೌಂಡಿ ಮಹಬೂಬ್ ಸಾಬರನ್ನು ಕರೆದರು. ಅವರು ಬಚ್ಚಲು ನೋಡಿದರು, ಮನೆಯ ಗೋಡೆಗುಂಟ ಹೆಜ್ಜೆ ಹಾಕಿ ಮೂಲೆ ತಿರುಗಿ, ಓಣಿಯ ಗಟಾರದವರೆಗೆ ಹೋಗಿ ಬಂದರು.

"ನಾಕಿಂಚಿನ ಪೈಪ್ ಬೇಕ್ರಿ ಮಾಸ್ತರ. ಮೂಲ್ಯಾಗ ಒಂದು ಬಾಯಿ ಬಿಡಬೇಕು. ನಾಳೆ ಕಟ್ಟಿಕೊಂಡ್ರ ಕೈ ಹಾಕಿ ತೆಗೀಲಾಕ."

ಅಪ್ಪ ನಕ್ಕರು. "ನಳದಾಗ ಬರೋ ನೀರು ಅರ್ಧ ಇಂಚು ಮಹಬೂಬ್ ಸಾಬ್. ಹೋಗೋದಕ್ಕ ನಾಕಿಂಚು ಯಾಕ? ಎರಡಿಂಚಿಂದು ಹಾಕಿದ್ರ ಬರೋದಕ್ಕಿಂತ ಹದಿನಾರು ಪಟ್ಟು ಜಾಗ ಆತು. ಲೆಕ್ಕ ಅದ."

"ಬರೋದು ಬರೇ ನೀರು ಸಾಹೇಬ್ರ," ಎಂದರು ಮಹಬೂಬ್ ಸಾಬರು ಬೀಡಿ ಹಚ್ಚುತ್ತ. "ಹೋಗೋದು ಬರೇ ನೀರಲ್ಲ."

ಗಣಿತದವರಿಗೆ ಗೌಂಡಿಯ ಮಾತು ಎಲ್ಲಿ ಹಿಡಿಸಬೇಕು! ಅಪ್ಪ ರಾಯಚೂರಿಗೆ ಹೋಗಿ ಬೂದು ಬಣ್ಣದ ಎರಡಿಂಚಿನ ಪ್ಲಾಸ್ಟಿಕ್ ಪೈಪು ತಂದರು. ಬಸ್ಸಿನ ಮೇಲೆ ಅದನ್ನು ಕಟ್ಟಿಸಿ, ಪ್ರತಿ ಸ್ಟಾಪಿನಲ್ಲೂ ಇಳಿದು ನೋಡಿದರಂತೆ. ಇಡೀ ಓಣಿ ಬಂದು ಅದನ್ನು ಮುಟ್ಟಿ ನೋಡಿತು. ಮಹಬೂಬ್ ಸಾಬರು ಗೊಣಗುತ್ತಲೇ ನೆಲ ಅಗೆದು, ಪ್ರತಿ ಗಜಕ್ಕೆ ಒಂದು ಬೆರಳು ಇಳಿಜಾರು ಕೊಟ್ಟು, ಪೈಪು ಕೂಡಿಸಿ ಮಣ್ಣು ಮುಚ್ಚಿದರು. ಮೂಲೆಯ ತಿರುವಿನ ಮೇಲೆ ಒಂದು ಫರಸಿಕಲ್ಲು ಹಾಸಿದರು. ಬಾಯಿ ಮಾತ್ರ ಬಿಡಲಿಲ್ಲ. ಹೊಸ ಪೈಪಿಗೆ ತೂತು ಹಾಕಲು ಅಪ್ಪನಿಗೆ ಮನಸ್ಸು ಬರಲಿಲ್ಲ.

ಅವ್ವನಿಗೆ ಮಾತ್ರ ಅನುಮಾನ. ಪಾತ್ರೆ ತಿಕ್ಕುವುದು ಒಲೆಯ ಬೂದಿ ಮತ್ತು ತೆಂಗಿನ ನಾರಿನಿಂದ. "ಇಷ್ಟು ಸಣ್ಣ ತೂತಿನ್ಯಾಗ ನನ್ನ ಬೂದಿ ಹೋಗತದೇನ್ರಿ?" ಎಂದಳು.

ಅಪ್ಪ ಅಡುಗೆಮನೆಯಿಂದ ಒಂದು ಲಿಂಬೆಹಣ್ಣು ತಂದರು. "ಇದು ಹಾದ್ರ ಬೂದಿ ಹಾಯಂಗಿಲ್ಲೇನು?"

ನನ್ನನ್ನು ಗಟಾರದ ಕಡೆ ಕೂಡಿಸಿ, ತಾವು ಬಚ್ಚಲಲ್ಲಿ ಹಣ್ಣು ಬಿಟ್ಟು, ಹಿಂದಿನಿಂದ ಒಂದು ಕೊಡ ನೀರು ಸುರಿದರು. ಪೈಪಿನೊಳಗಿಂದ ಅಪ್ಪನ ಧ್ವನಿ ಬಾವಿಯೊಳಗಿಂದ ಬಂದಂತೆ ಬಂತು: "ಬಂತೇನವ್ವಾ?"

ಟಪ್ ಎಂದು ತಣ್ಣನೆಯ ಲಿಂಬೆಹಣ್ಣು ನನ್ನ ಬೊಗಸೆಗೆ ಬಿತ್ತು. "ಬಂತಪ್ಪಾ!" ಎಂದು ಪೈಪಿಗೆ ಬಾಯಿಟ್ಟು ಕೂಗಿದೆ.

ಮುಂದೆ ಅದೇ ನಮ್ಮ ಆಟವಾಯಿತು. ಅಪ್ಪ ದಿನಾ ಸಂಜೆ ಶಾಲೆಯಿಂದ ಬಂದು, ಪರೀಕ್ಷೆ ಎಂಬ ನೆಪದಲ್ಲಿ ಒಂದು ಹಣ್ಣು ಬಿಡುವುದು, ನಾನು ಹಿಡಿಯುವುದು. ಅಪ್ಪನಿಗೂ ನನ್ನಷ್ಟೇ ಖುಷಿಯಾಗುತ್ತಿತ್ತು ಎಂದು ಈಗ ಅನಿಸುತ್ತದೆ.

ದೇವದುರ್ಗದವರು ಬರುವುದಕ್ಕೆ ಎರಡು ದಿನ ಮೊದಲು ಅವ್ವ ಶರಬತ್ತಿಗೆಂದು ದೊಡ್ಡ ದೊಡ್ಡ ಲಿಂಬೆಹಣ್ಣು ತಂದಿಟ್ಟಳು. ಅದರಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ನಾನೊಬ್ಬಳೇ ಪೈಪಿಗೆ ಬಿಟ್ಟು, ನೀರು ಸುರಿದು, ಗಟಾರಕ್ಕೆ ಓಡಿದೆ. ನೀರು ಬಂತು. ಹಣ್ಣು ಬರಲಿಲ್ಲ. ಎಷ್ಟೋ ಹೊತ್ತು ಬೊಗಸೆ ಒಡ್ಡಿ ಕೂತಿದ್ದೆ. ಆಮೇಲೆ ಬಾಯಿ ಮುಚ್ಚಿಕೊಂಡು ಮನೆಯೊಳಗೆ ಹೋದೆ. ಎರಡು ದಿನ ಅವ್ವನ ಬೂದಿ, ನಾರು ಎಲ್ಲ ಆ ಹಣ್ಣಿಗೆ ಹೋಗಿ ಮೆತ್ತಿಕೊಳ್ಳುತ್ತಿದ್ದವು. ಬೀಗರು ಬರುವ ಗಡಿಬಿಡಿಯಲ್ಲಿ ಅಪ್ಪ ಸಂಜೆಯ ಆಟ ಮರೆತಿದ್ದರು, ನಾನು ಮಾತ್ರ ದೇವರಿಗೆ ಕೈಮುಗಿಯುತ್ತಿದ್ದೆ.

ಬೀಗರು ಹುಡುಗನೂ ಸೇರಿ ಹನ್ನೆರಡು ಜನ ಬಂದರು. ಬಸ್ಸಿನ ಧೂಳಿಗೆ ಎಲ್ಲರ ಕಾಲೂ ಕೆಂಪು. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡಬೇಕಲ್ಲ, ಅಪ್ಪ ಹೊರಗೆ ಕೊಡಲೇ ಇಲ್ಲ. ಒಬ್ಬೊಬ್ಬರನ್ನೇ ಬಚ್ಚಲಿಗೆ ಕರೆದೊಯ್ದು, "ತೊಳಕೋರಿ, ಒಂದು ಹನಿ ಹೊರಗ ಕಾಣಂಗಿಲ್ಲ," ಎಂದು ಹೆಮ್ಮೆಯಿಂದ ಹೇಳಿದರು. ಏಳನೆಯವರು ತೊಳೆಯುವಾಗ ನೀರು ಪಾದ ಮುಚ್ಚಿತು. ಹತ್ತನೆಯವರ ಹೊತ್ತಿಗೆ ಹೊಸ್ತಿಲು ದಾಟಿತು. ಅಕ್ಕ ತಲೆ ತಗ್ಗಿಸಿ ಮಂಡಾಳ, ಅಂದರೆ ಮಂಡಕ್ಕಿಯ, ಒಗ್ಗರಣೆಯ ತಟ್ಟೆ ಹಿಡಿದು ಪಡಸಾಲೆಗೆ ಬರುವುದಕ್ಕೂ, ಬಚ್ಚಲ ನೀರು ಜಮಖಾನದ ಕೆಳಗೆ ನುಗ್ಗುವುದಕ್ಕೂ ಸರಿಹೋಯಿತು. ಅಕ್ಕನ ಕಾಲು ಜಾರಿತು. ಅವಳು ಬೀಳಲಿಲ್ಲ, ಆದರೆ ಮಂಡಾಳೆಲ್ಲ ನೀರಿನ ಮೇಲೆ ತೇಲಿತು. ಬೀಗರು ಕಾಲೆತ್ತಿ ಹೊರಗಿನ ಕಟ್ಟೆ ಹತ್ತಿದರು.

"ಲೆಕ್ಕ ಸರಿ ಅದ, ಲೆಕ್ಕ ಸರಿ ಅದ," ಎನ್ನುತ್ತ ಅಪ್ಪ ಮಹಬೂಬ್ ಸಾಬರನ್ನು ಕರೆಯಲು ಓಡಿದರು.

ಅವರು ಗರಗಸ ಹಿಡಿದು ಬಂದು ಮೂಲೆಯ ಫರಸಿ ಎತ್ತಿ, ತಿರುವಿನ ಹತ್ತಿರ ಪೈಪು ಕೊಯ್ದರು. ಬೀಗರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಭುಸ್ ಎಂದು ನೀರು ನುಗ್ಗಿ, ಅದರ ಹಿಂದೆ ಬೂದಿ ಬಳಿದುಕೊಂಡು, ಕೂದಲು ಸುತ್ತಿಕೊಂಡು, ಒಂದು ಲಿಂಬೆಹಣ್ಣು ಎಲ್ಲರ ಕಾಲಬಳಿ ಉರುಳಿ ಬಂತು.

ಲಿಂಬೆಹಣ್ಣು, ಬೂದಿ, ಹೆಣ್ಣಿನ ಕೂದಲು, ಅದೂ ಕನ್ಯೆ ಇರುವ ಮನೆಯ ನೆಲದೊಳಗೆ!

"ಯಾರೋ ಮಾಟ ಮಾಡ್ಯಾರ!" ಎಂದು ಹುಡುಗನ ಸೋದರತ್ತೆ ನಾಲ್ಕು ಹೆಜ್ಜೆ ಹಿಂದೆ ಸರಿದಳು. "ನಡೀರಿ, ಇಲ್ಲಿ ನೀರೂ ಕುಡೀಬ್ಯಾಡ್ರಿ."

ಚಪ್ಪಲಿ ಹುಡುಕಲು ಶುರುವಾಯಿತು. ಬಾಗಿಲ ಹಿಂದೆ ನಿಂತಿದ್ದ ಅಕ್ಕನ ಮುಖ ನೋಡಿದೆ. ಆ ಮುಖ ನೋಡಿದ ಮೇಲೆ ನನಗೆ ಏಟಿನ ಭಯ ಹೋಯಿತು.

"ಮಾಟ ಅಲ್ರಿ! ನಾನು ಹಾಕಿದ್ದು!" ಎಂದು ಜೋರಾಗಿ ಅಳುತ್ತ ಕೂಗಿದೆ. "ಅಪ್ಪ ದಿನಾ ಹಾಕ್ತಾನ್ರಿ, ನಾ ಹಿಡೀತೀನ್ರಿ!"

ಎಲ್ಲರೂ ಅಪ್ಪನ ಕಡೆ ತಿರುಗಿದರು. ಹೈಸ್ಕೂಲಿನ ಗಣಿತದ ಮಾಸ್ತರ ಬೆವರು ಒರೆಸಿಕೊಂಡು, "ಹೌದ್ರಿ. ಪೈಪಿನ ಪರೀಕ್ಷಾ ಅದು," ಎಂದರು. ಅತ್ತೆ ನಂಬಲಿಲ್ಲ.

ಹುಡುಗನ ಅಜ್ಜಿ ಕಟ್ಟೆಯ ಮೇಲಿಂದ ಕೋಲು ಕುಟ್ಟಿದಳು. "ಸುಳ್ಳೋ ಖರೇನೋ, ಈಗ ಹಾಕಿ ತೋರಸ್ರಿ ನೋಡೂಣು."

ನಾನು ಅಪ್ಪನ ಜೊತೆ ಬಚ್ಚಲಿಗೆ ಹೋದೆ. ಒಂದು ಸಣ್ಣ ಹಣ್ಣು ಬಿಟ್ಟೆ. ಅಪ್ಪ ಒಂದು ಕೊಡ ನೀರು ಸುರಿದರು. ಅಭ್ಯಾಸ ಎಲ್ಲಿ ಬಿಡುತ್ತದೆ? ನಾನು ಪಕ್ಕದಲ್ಲೇ ಇದ್ದರೂ ಬಗ್ಗಿ ಪೈಪಿನೊಳಗೆ, "ಬಂತೇನವ್ವಾ?" ಎಂದರು.

ಆಮೇಲೆ ಪೈಪಿನೊಳಗಿಂದ ಗಂಡುಧ್ವನಿಯೊಂದು ಬಂತು:

"ಬಂತ್ರೀ ಮಾವಾ!"

ಬಂದಾಗಿನಿಂದ ಒಂದು ಮಾತೂ ಆಡದಿದ್ದ ಹುಡುಗ, ಇಸ್ತ್ರಿ ಪ್ಯಾಂಟಿನಲ್ಲೇ ಮೂಲೆಯ ಕೆಸರಿನಲ್ಲಿ ಕೂತು ಬೊಗಸೆ ಒಡ್ಡಿದ್ದ. ಬಾಗಿಲ ಹಿಂದೆ ಅಕ್ಕ ತಡೆಯಲಾರದೆ ನಕ್ಕುಬಿಟ್ಟಳು. "ಮಾವ ಅಂದೇಬಿಟ್ಟನಲ್ಲ, ಇನ್ನ ನಮ್ಮನ್ನೇನು ಕೇಳೋದು?" ಎಂದಳು ಅಜ್ಜಿ. "ಯವ್ವಾ, ಉಳಿದ ಹಣ್ಣಿಂದರ ಶರಬತ್ ಮಾಡ."

ಮದುವೆಗೆ ಮುಂಚೆ ಮಹಬೂಬ್ ಸಾಬರು ನಾಲ್ಕಿಂಚಿನ ಪೈಪು ಹಾಕಿದರು, ಮೂಲೆಯಲ್ಲಿ ಬಾಯಿಯನ್ನೂ ಬಿಟ್ಟರು. ಅಪ್ಪ ಲೆಕ್ಕದ ಮಾತು ತೆಗೆಯದೆ ಮಣ್ಣು ಹೊತ್ತರು.

ಈಗ ಮಹಬೂಬ್ ಸಾಬರಿಲ್ಲ, ಅಪ್ಪನೂ ಇಲ್ಲ. ರಾಯಚೂರಿನ ನನ್ನ ಮನೆಯಲ್ಲಿ ಪೈಪುಗಳೆಲ್ಲ ಗೋಡೆಯೊಳಗಿವೆ. ಯಾವ ನೀರು ಎಲ್ಲಿಗೆ ಹೋಗುತ್ತದೋ ನನಗೇ ಗೊತ್ತಿಲ್ಲ, ಓಣಿಯವರಿಗಂತೂ ನಮ್ಮ ಸುದ್ದಿ ಒಂದೂ ತಿಳಿಯುವುದಿಲ್ಲ. ಅಪ್ಪ ತೀರಿಕೊಂಡ ವರ್ಷ, ಒಂದು ಮಧ್ಯಾಹ್ನ, ಬಚ್ಚಲ ಜಾಲರಿ ಕಿತ್ತಿಟ್ಟು ಕೈಯಲ್ಲಿ ಲಿಂಬೆಹಣ್ಣು ಹಿಡಿದು ಕೂತಿದ್ದೆ. ಪೈಪು ನಾಲ್ಕಿಂಚಿನದು, ಹಣ್ಣು ಹಾಯುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಆ ಕಡೆ ಬೊಗಸೆ ಒಡ್ಡಿ ಕೂತವರು ಯಾರೂ ಇರಲಿಲ್ಲ. ಹಣ್ಣನ್ನು ತೊಳೆದು ಅಡುಗೆಮನೆಯಲ್ಲಿಟ್ಟು, ದೇವದುರ್ಗಕ್ಕೆ ಅಕ್ಕನಿಗೆ ಫೋನ್ ಮಾಡಿದೆ. ಭಾವ ಎತ್ತಿಕೊಂಡರು. ಬಚ್ಚಲ ಪೈಪಿನ ಮುಂದೆ ಲಿಂಬೆಹಣ್ಣು ಹಿಡಿದು ಕೂತಿದ್ದೆ ಎಂದೆ. ಭಾವ ಮೆಲ್ಲಗೆ ಕೇಳಿದರು:

"ಬಂತೇನವ್ವಾ ಗಿರ್ಜಿ?"